ಹೆನ್ರಿ ಹೆಡ್ ಅವರ ಎಡಗೈ

ಎರಡು ವರ್ಷಗಳ ಹಿಂದೆ ಪುಣೆಯ ನಮ್ಮ ಅಡುಗೆಮನೆಯಲ್ಲಿ ಸಿಹಿಗುಂಬಳಕಾಯಿ ಹೆಚ್ಚುತ್ತಿದ್ದಾಗ ಈಳಿಗೆಮಣೆಯ ಅಲಗು ನನ್ನ ಅಂಗೈಯನ್ನು ಆಳವಾಗಿ ಸೀಳಿತು. ಗಾಯವೇನೋ ಕೆಲವು ವಾರಗಳಲ್ಲಿ ಮಾಯಿತು. ಕಿರುಬೆರಳಿನ ಸ್ಪರ್ಶಜ್ಞಾನ ಇಂದಿಗೂ ಪೂರ್ತಿಯಾಗಿ ಮರಳಿಲ್ಲ. ಹೇಗನ್ನಿಸುತ್ತದೆ ಎಂದು ವೈದ್ಯರು ಕೇಳಿದಾಗಲೆಲ್ಲ ನಾನು ತಡವರಿಸುತ್ತೇನೆ. ಜೋಮು ಎನ್ನೋಣವೆಂದರೆ, ಜೋಮು ಕೈ ಕೊಡವಿದರೆ ಬಿಟ್ಟುಹೋಗುವಂಥದ್ದು. ಇದು ಬೇರೆಯವರ ಬೆರಳನ್ನು ನನ್ನ ಕೈಗೆ ಅಂಟಿಸಿದಂತೆ.

ಈ ತಡವರಿಕೆಯೇ ಲಂಡನ್ನಿನ ವೈದ್ಯ ಹೆನ್ರಿ ಹೆಡ್ ಅವರನ್ನೂ ಕಾಡಿತ್ತು. ನರ ತುಂಡಾದ ರೋಗಿಗಳನ್ನು ಅವರು ವರ್ಷಗಳ ಕಾಲ ಪರೀಕ್ಷಿಸಿದ್ದರು. ದುಡಿದು ಉಣ್ಣುವ ಆ ಜನಕ್ಕೆ ಗಂಟೆಗಟ್ಟಲೆ ಕಣ್ಣುಮುಚ್ಚಿ ಕುಳಿತು ಸೂಜಿಮೊನೆಗೂ ಹತ್ತಿಯೆಳೆಗೂ ಇರುವ ಭೇದವನ್ನು ವರ್ಣಿಸುವ ಪುರುಸೊತ್ತೆಲ್ಲಿಯದು? ಕೊನೆಗೆ ಹೆಡ್ ತಾವೇ ರೋಗಿಯಾಗಲು ನಿಶ್ಚಯಿಸಿದರು. 1903ರ ಏಪ್ರಿಲ್ 25ರಂದು ಅವರ ಎಡಮೊಣಕೈಯ ಬಳಿ ಚರ್ಮಕ್ಕೆ ಹೋಗುವ ನರಗಳನ್ನು ಕತ್ತರಿಸಿ, ತುದಿಗಳನ್ನು ರೇಷ್ಮೆಯ ದಾರದಿಂದ ಹೊಲಿಯಲಾಯಿತು. ಆಗ ಅವರಿಗೆ 41 ವರ್ಷ.

ಪರೀಕ್ಷಕರು ಕೇಂಬ್ರಿಜ್‌ನ ಡಬ್ಲ್ಯು.ಎಚ್.ಆರ್. ರಿವರ್ಸ್. ನೀಲಗಿರಿಯ ತೋಡರ ನಡುವೆ ತಿಂಗಳುಗಳನ್ನು ಕಳೆದು, ಮುಂದೆ 1906ರಲ್ಲಿ ಅವರ ಕುರಿತು ದೊಡ್ಡ ಗ್ರಂಥ ಪ್ರಕಟಿಸಿದವರೂ ಇವರೇ. ಕನ್ನಡಕ್ಕೆ ತೀರ ಹತ್ತಿರದ ಬಡಗ ನುಡಿ ಅವರ ಕಿವಿಗೆ ಬಿದ್ದಿರಲೇಬೇಕು ಎಂಬುದು ನನ್ನ ಊಹೆ. ಹೆಡ್ ಬಿಡುವಾದಾಗಲೆಲ್ಲ ಸೇಂಟ್ ಜಾನ್ಸ್ ಕಾಲೇಜಿನ ಕೋಣೆಗೆ ಬಂದು ಕಣ್ಣುಮುಚ್ಚಿ ಕೈಚಾಚುವರು. ರಿವರ್ಸ್ ಚುಚ್ಚುವರು, ಸವರುವರು, ಮಂಜುಗಡ್ಡೆ ತಾಗಿಸುವರು. ಹೀಗೆ ನಾಲ್ಕು ವರ್ಷಕ್ಕೂ ಮಿಕ್ಕಿ ನಡೆಯಿತು.

ನರ ತುಂಡಾದರೆ ಕಡಿತದಿಂದಾಚೆಯ ಎಳೆಗಳು ಶಿಥಿಲವಾಗುತ್ತವೆಂಬುದನ್ನು 1850ರಲ್ಲಿಯೇ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯಲ್ಲಿ ಕಂಡಿದ್ದರು. ಮೇಲ್ತುದಿಯಿಂದ ಹೊಸ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಚಿಗುರುತ್ತ ಹೋಗಬೇಕು. ಮಣಿಕಟ್ಟಿನಿಂದ ಬೆರಳ ತುದಿಗೆ ತಲಪಲು ಆರು ತಿಂಗಳಾದರೂ ಬೇಕು. ಎಷ್ಟೋ ಎಳೆಗಳು ದಾರಿ ತಪ್ಪಿ ಬೇರೆಡೆ ಸೇರುತ್ತವೆ. ಹೆಡ್ ಅವರ ಕೈಯಲ್ಲಿ ಮೊದಲು ಮರಳಿದ್ದು ಒರಟು ಸಂವೇದನೆ: ಸೂಜಿ ಚುಚ್ಚಿದರೆ ಎಲ್ಲೆಲ್ಲೋ ಹರಡುವ ಅಸಹ್ಯ ನೋವು, ಒಂದೆಡೆ ತಾಗಿಸಿದ ತಣ್ಪು ಇನ್ನೊಂದೆಡೆ ಅನುಭವಕ್ಕೆ ಬರುವುದು. ಹತ್ತಿಯ ನವಿರು ಸ್ಪರ್ಶವನ್ನು ಗುರುತಿಸುವ ಶಕ್ತಿ ಬಹಳ ತಡವಾಗಿ ಬಂತು. ಹಾಗಾದರೆ ದೇಹದಲ್ಲಿ ಎರಡು ಬಗೆಯ ನರವ್ಯವಸ್ಥೆಗಳಿವೆ, ಒಂದು ಆದಿಮ, ಇನ್ನೊಂದು ಸೂಕ್ಷ್ಮ ಎಂದು ಇಬ್ಬರೂ ತೀರ್ಮಾನಿಸಿ 1908ರಲ್ಲಿ 'ಬ್ರೇನ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಮರುವರ್ಷವೇ ಟ್ರಾಟರ್ ಮತ್ತು ಡೇವಿಸ್ ಎಂಬ ಶಸ್ತ್ರವೈದ್ಯರು ತಮ್ಮ ನರಗಳನ್ನೂ ಕತ್ತರಿಸಿಕೊಂಡು ಈ ಇಬ್ಬಗೆಯನ್ನು ಪ್ರಶ್ನಿಸಿದರು. (ಆ ಕಾಲದ ವೈದ್ಯರ ವಾದವಿವಾದದ ರೀತಿಯೇ ವಿಚಿತ್ರ!) ಸಿದ್ಧಾಂತ ಕ್ರಮೇಣ ಬಿದ್ದುಹೋಯಿತು. ಆದರೂ ನನ್ನ ಮಟ್ಟಿಗೆ ಹೆಡ್ ಅವರ ಟಿಪ್ಪಣಿಗಳ ಬೆಲೆ ಕುಂದಿಲ್ಲ: ಹೊರಗೆ ಮಾಯ್ದ ಕೈಯೊಳಗೆ ಉಳಿಯುವ ಕೊರತೆಯನ್ನು ರೋಗಿಯ ಭ್ರಮೆಯೆಂದು ತಳ್ಳಿಹಾಕದೆ ಅಳೆದು ಬರೆದ ಟಿಪ್ಪಣಿಗಳವು. ಅಷ್ಟು ನುರಿತ ಕೈಗಳು ಹೊಲಿದಿದ್ದರೂ ಅವರ ಹಸ್ತದ ಹಿಂಬದಿಯ ಒಂದು ಸಣ್ಣ ಭಾಗ ಕೊನೆಗೂ ಮೊದಲಿನಂತಾಗಲಿಲ್ಲ.