ದಂಡಿನ ಕರೆ, ಆಟದ ಕಣ

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೌದಳ್ಳಿ ಸಿಕ್ಕುತ್ತದೆ. ಶಿವರಾತ್ರಿ ದೀಪಾವಳಿಗಳಲ್ಲಿ ಮಾದಪ್ಪನ ಪರಸೆಗೆ ಕಾಲ್ನಡಿಗೆಯಲ್ಲಿ ಹೊರಟವರಿಂದ ಈ ದಾರಿ ತುಂಬಿರುತ್ತದೆ. ಉಳಿದ ದಿನಗಳಲ್ಲಿ ನಸುಕಿನ ಹೊತ್ತಿಗೆ ಅಲ್ಲಿ ಹೋದರೆ ಬೇರೊಂದು ಬಗೆಯ ಹರಕೆ ಹೊತ್ತವರು ಕಾಣಸಿಗುತ್ತಾರೆ. ಹದಿನೆಂಟು ಹತ್ತೊಂಬತ್ತರ ಹುಡುಗರು. ಕೈಯಲ್ಲಿ ಮೊಬೈಲು ಹಿಡಿದು, ಅದರ ಗಡಿಯಾರವನ್ನು ನೋಡಿಕೊಳ್ಳುತ್ತ ಓಡುತ್ತಿರುತ್ತಾರೆ. ಒಮ್ಮೆ ಒಬ್ಬನನ್ನು ನಿಲ್ಲಿಸಿ, "ಏನಪ್ಪ, ಇಷ್ಟು ಹೊತ್ತಿಗೇ ಓಟ?" ಎಂದು ಕೇಳಿದೆ. "ಮಿಲ್ಟ್ರಿಗೆ ಕನ್ ಸಾ. ಐದೂವರೆ ನಿಮ್ಸದೊಳ್ಗೆ ಮುಗಿಸ್ಬೇಕು" ಎಂದು ಹೇಳಿ, ನಿಂತದ್ದರಿಂದ ಕಳೆದುಹೋದ ಹೊತ್ತಿಗೆ ಪೇಚಾಡುತ್ತ ಮತ್ತೆ ಓಡಿದ.

ಅವನು ಹೇಳಿದ್ದು ಸರಿಯಾದ ಲೆಕ್ಕವೇ. ಸೈನ್ಯದ ಭರ್ತಿಯಲ್ಲಿ ೧.೬ ಕಿಲೋಮೀಟರು, ಎಂದರೆ ಹಳೆಯ ಒಂದು ಮೈಲಿಯನ್ನು, ಐದು ನಿಮಿಷ ಮೂವತ್ತು ಸೆಕೆಂಡಿನೊಳಗೆ ಓಡಿದವನಿಗೆ ಅರವತ್ತು ಅಂಕ. ಅಡ್ಡಕೋಲಿಗೆ ಜೋತುಬಿದ್ದು ಹತ್ತು ಸಲ ಮೈಯೆತ್ತಿದವನಿಗೆ ನಲವತ್ತು. ಒಂಬತ್ತು ಅಡಿಯ ಹಳ್ಳವನ್ನೂ ಹಾರಬೇಕು. ಇದನ್ನೆಲ್ಲ ಅವನಿಗೆ ತಿಳಿಸಿದ್ದು ಅವನ ಕೈಯಲ್ಲಿದ್ದ ಅದೇ ಯಂತ್ರ. ಆ ಹುಡುಗ ಮರೆಯಾದ ಮೇಲೆ ನನಗೆ ಒಂದು ಯೋಚನೆ ಹತ್ತಿತು. ಅಂಗಡಿಯವನು ಗಿರಾಕಿಯನ್ನು ಕರೆಯುವಂತೆ ರಾಜ್ಯಗಳು ಎಲ್ಲ ಕಾಲದಲ್ಲಿಯೂ ದಂಡಿಗೆ ಆಳುಗಳನ್ನು ಕರೆದಿವೆ. ಹಾಗೆ ಕರೆಯುವಾಗ ಅವು ಏನನ್ನು ತೋರಿಸಿದವು? ಏನನ್ನು ಮುಚ್ಚಿಟ್ಟವು?

ಕನ್ನಡ ಪಾಠ ಹೇಳುವವನ ಮನಸ್ಸು ಇಂಥ ಪ್ರಶ್ನೆ ಬಂದಾಗ ಶಾಸನಗಳ ಕಡೆಗೇ ಹೊರಳುವುದು ಸಹಜ. ಹಳಗನ್ನಡದಲ್ಲಿ ಜೋಳವಾಳಿ, ವೇಳೆವಾಳಿ ಎಂಬ ಮಾತುಗಳಿವೆ. ಒಡೆಯನ ಅನ್ನವನ್ನು ಉಂಡ ಋಣಕ್ಕೆ ಪ್ರಾಣ ಕೊಡುವುದು ಜೋಳವಾಳಿ. ಸಮಯ ಬಂದಾಗ ಒಡೆಯನಿಗಾಗಿ ಸಾಯುತ್ತೇನೆಂದು ಮೊದಲೇ ಆಡಿದ ಮಾತನ್ನು ನಡೆಸುವುದು ವೇಳೆವಾಳಿ. ಹೊಟ್ಟೆ, ಹೆಸರು ಎರಡೂ ಈ ಪದಗಳಲ್ಲಿ ಸೇರಿಕೊಂಡಿವೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಲ್ಲಿ ಮೂರನೆಯದೊಂದು ಬಂದು ಸೇರುತ್ತದೆ. ಅದು ಆಟ. ಕ್ರಿಸ್ತಶಕ ೯೪೯ರ ಸುಮಾರಿನಲ್ಲಿ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಆಳು ಮಣಲೆರ ಆ ಯುದ್ಧದಲ್ಲಿ ಪರಾಕ್ರಮ ತೋರಿದ. ಬೂತುಗ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ಹಂದಿಯೊಂದರ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೂ ಕಲ್ಲು ನಿಂತಿತು. ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಮಣಲೆರನಿಗೆ ಊರುಗಳು ದತ್ತಿಯಾಗಿ ಬಂದದ್ದನ್ನೂ ಅದೇ ಕಲ್ಲು ಹೇಳುತ್ತದೆ.

ಊರ ಮುಂದೆ ನಿಲ್ಲಿಸಿದ ವೀರಗಲ್ಲು ಸತ್ತವನ ನೆನಪಿಗೆ ಮಾತ್ರವಲ್ಲ, ಬದುಕಿರುವ ಹುಡುಗರ ಕಣ್ಣಿಗೂ ಬೀಳಲೆಂದು ನಿಂತದ್ದು. ಆ ಅರ್ಥದಲ್ಲಿ ಅದು ನಮ್ಮ ಹಳೆಯ ಭಿತ್ತಿಪತ್ರ. ಆದರೆ ಅದರ ಮೂರು ಪಟ್ಟಿಕೆಗಳನ್ನು ಕೆಳಗಿನಿಂದ ನೋಡುತ್ತ ಬನ್ನಿ. ಮೊದಲನೆಯದರಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಸ್ವರ್ಗ. ಸ್ವರ್ಗದ ಆಸೆ ತೋರಿಸಿದ್ದು ನಿಜವಾದರೂ ಅಲ್ಲಿಗೆ ಹೋಗುವ ದಾರಿ ಸಾವಿನ ಮೂಲಕವೇ ಎಂಬುದನ್ನು ಆ ಕಲ್ಲು ಮರೆಮಾಚಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ವಿಜಯನಗರದ ಕಾಲಕ್ಕೆ ಆಟವೂ ದಂಡೂ ಒಂದೇ ಕಣದಲ್ಲಿ ಕಾಣಿಸಿಕೊಂಡವು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಜ ದೊಮಿಂಗೊ ಪಾಯೆಸ್, ಅರಸನು ನಸುಕಿನಲ್ಲಿ ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ತಿರುವಿ, ಜಟ್ಟಿಯೊಡನೆ ಹಿಡಿದು, ಕುದುರೆ ಏರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಹಾನವಮಿಯಲ್ಲಿ ಜಟ್ಟಿಗಳ ಕಾಳಗ ನಡೆಯಿತು. ಹಬ್ಬ ಮುಗಿದ ಮೇಲೆ ಸೈನ್ಯದ ಪರಿವೀಕ್ಷಣೆ ನಡೆಯಿತು. ಈ ಸಂಪ್ರದಾಯವನ್ನು ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣಕ್ಕೆ ತಂದರು. ಕುಸ್ತಿಯ ಕಣದ ಸುತ್ತ ಸೇರಿದ ಜನ ಆಟವನ್ನು ನೋಡಿ ಸಂತೋಷಪಟ್ಟರು. ಜೊತೆಗೆ ಅರಸನ ಬಲವನ್ನೂ ನೋಡಿಕೊಂಡು ಹೋದರು.

ಇನ್ನು ನಮ್ಮ ಸೀಮೆಯ ಕಥೆಗೆ ಬರೋಣ. ೧೭೯೯ರಲ್ಲಿ ಟೀಪು ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆ ಮೈಸೂರಿಗೆ ಉಳಿಯದೆ ಕಂಪೆನಿಯ ಪಾಲಾಯಿತು. ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿ ಅದು ೧೯೫೬ರ ನವೆಂಬರ್ ೧ರ ವರೆಗೂ ಇತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮದರಾಸು. ಆದ್ದರಿಂದ ಕೌದಳ್ಳಿಯ ಹುಡುಗನಿಗೆ ದಂಡಿನ ಕರೆ ಬರಬೇಕಾದರೆ ಮೈಸೂರಿನಿಂದಲ್ಲ, ಮದರಾಸಿನಿಂದ ಬರಬೇಕಾಗಿತ್ತು. ಆ ಕರೆಯಾದರೋ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕ್ಷೀಣಿಸುತ್ತ ಬಂತು. ೧೮೮೧ರಿಂದ ೧೮೮೫ರ ವರೆಗೆ ಮದರಾಸು ಸೈನ್ಯದ ದಂಡನಾಯಕನಾಗಿ, ಆಮೇಲೆ ಇಡೀ ಭಾರತದ ದಂಡನಾಯಕನಾದ ರಾಬರ್ಟ್ಸ್, ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಲ್ಲವೆಂದು ತೀರ್ಮಾನಿಸಿದ. ಕಂಪೆನಿಗೆ ರಾಜ್ಯ ಕಟ್ಟಿಕೊಟ್ಟ ಮದರಾಸಿನ ಸಿಪಾಯಿಗಳ ಮೊಮ್ಮಕ್ಕಳು ಹೀಗೆ ಒಂದು ಕಲಮಿನ ಏಟಿಗೆ ಹೇಡಿಗಳಾದರು! ಕಾಲಾಳು ಪಡೆಗಳು ಒಂದೊಂದಾಗಿ ಮುರಿದವು. ಉಳಿದುಕೊಂಡು ಹೆಸರು ಮಾಡಿದ್ದು ಬೆಂಗಳೂರಿನಲ್ಲಿ ನೆಲೆಸಿದ್ದ ಮದ್ರಾಸ್ ಸ್ಯಾಪರ್ಸ್ ಪಡೆ. ಮುಳ್ಳುತಂತಿಯ ಬೇಲಿಯನ್ನು ಸಿಡಿಸುವ ಬೆಂಗಳೂರು ಟಾರ್ಪಿಡೊ ೧೯೧೨ರಲ್ಲಿ ಹುಟ್ಟಿದ್ದು ಇವರಲ್ಲಿಯೇ.

೧೯೧೪ರಲ್ಲಿ ಮಹಾಯುದ್ಧ ಬಂತು. ಇಂಗ್ಲೆಂಡಿನಲ್ಲಿ ಆಗ ಕಡ್ಡಾಯ ಭರ್ತಿಯಿರಲಿಲ್ಲ; ಮನವೊಲಿಸಿಯೇ ಆಳು ಕೂಡಿಸಬೇಕು. ಬೆರಳು ಚಾಚಿ ನೋಡುವ ಕಿಚನರನ ಚಿತ್ರ ಗೋಡೆಗಳ ಮೇಲೆ ಬಂತು. ಕಾಲ್ಚೆಂಡಿನ ಪಂದ್ಯಗಳಲ್ಲಿ ಅರ್ಧ ಆಟ ಮುಗಿದ ಹೊತ್ತಿಗೆ ಭರ್ತಿಯ ಭಾಷಣ ಬಂತು. ೧೯೧೪ರ ಡಿಸೆಂಬರಿನಲ್ಲಿ ಆಟಗಾರರದೇ ಒಂದು ಪಡೆ ಲಂಡನ್ನಿನಲ್ಲಿ ಹುಟ್ಟಿತು. ನೆಚ್ಚಿನ ಆಟಗಾರನ ಪಕ್ಕದಲ್ಲಿ ನಿಂತು ಕಾದಾಡಿರೆಂಬುದೇ ಅದರ ಆಕರ್ಷಣೆ. ಎಡಿನ್‌ಬರೋದ ಹಾರ್ಟ್ಸ್ ಸಂಘದ ಆಟಗಾರರು ಅದಕ್ಕೂ ಮುಂಚೆಯೇ ಒಟ್ಟಾಗಿ ಸೇರಿದ್ದರು. ಅವರ ಹಿಂದೆ ಅವರ ಅಭಿಮಾನಿಗಳೂ ಸೇರಿದರು. ೧೯೧೬ರ ಜುಲೈ ೧ರಂದು, ಸೋಮ್ ಯುದ್ಧದ ಮೊದಲ ದಿನವೇ, ಆ ತಂಡದ ಮೂವರು ಮಡಿದರು. ಅದೇ ದಿನ ನೆವಿಲ್ ಎಂಬ ಕ್ಯಾಪ್ಟನ್ ತನ್ನ ಸೈನಿಕರಿಗೆ ಕಾಲ್ಚೆಂಡುಗಳನ್ನು ಕೊಟ್ಟು, ಅವುಗಳನ್ನು ಒದೆಯುತ್ತ ಶತ್ರುವಿನ ಕಂದಕದ ಕಡೆಗೆ ನಡೆಯಿರೆಂದ. ಚೆಂಡು ಮುಂದೆ ಹೋಯಿತು. ಕ್ಯಾಪ್ಟನ್ ಅಲ್ಲೇ ಸತ್ತ. ಆಟದ ಹೆಸರಿನಲ್ಲಿ ಕರೆದವರು ಆಟವನ್ನು ಯುದ್ಧದ ಬಾಯಿಯವರೆಗೂ ಒಯ್ದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕಾಗಿ ಸಮುದ್ರ ದಾಟಿದರು. ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಮಂದಿ ಸತ್ತರು. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರದವರೊಡನೆ ಹೈಫಾ ನಗರದ ಮೇಲೆ ಭರ್ಜಿ ಹಿಡಿದು ಕುದುರೆಯ ಮೇಲೆ ನುಗ್ಗಿತು. ಎದುರಿಗೆ ಮೆಷಿನ್ ಗನ್ನುಗಳಿದ್ದವು. ದಕ್ಷಿಣದವರಿಗೆ ಕೆಚ್ಚಿಲ್ಲವೆಂಬ ಮಾತು ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೂ ಯುದ್ಧ ಮುಗಿದ ಹತ್ತು ವರ್ಷಗಳೊಳಗೆ ಮದರಾಸಿನ ಖಾಯಂ ಕಾಲಾಳು ಪಡೆಯನ್ನು ಮತ್ತೆ ಮುರಿದರು. ಬೇಕಾದಾಗ ವೀರ, ಬೇಡವಾದಾಗ ಖರ್ಚು!

ಎರಡನೆಯ ಯುದ್ಧದಲ್ಲಿ ಈ ಸಿದ್ಧಾಂತವೆಲ್ಲ ಗಾಳಿಗೆ ಹಾರಿತು. ಎರಡು ಲಕ್ಷದಷ್ಟಿದ್ದ ಸೈನ್ಯ ೧೯೪೫ರ ಹೊತ್ತಿಗೆ ಇಪ್ಪತ್ತೈದು ಲಕ್ಷಕ್ಕೆ ಏರಿತು. ಕಡ್ಡಾಯವಿಲ್ಲದೆ ಕೂಡಿಸಿದ ಇಷ್ಟು ದೊಡ್ಡ ಸೈನ್ಯವನ್ನು ಜಗತ್ತು ಕಂಡಿರಲಿಲ್ಲ. ಮದ್ರಾಸ್ ರೆಜಿಮೆಂಟ್ ಮತ್ತೆ ತಲೆಯೆತ್ತಿತು. ಆ ಯುದ್ಧ ಯಂತ್ರಗಳ ಯುದ್ಧ. ಲಾರಿ ನಡೆಸುವವರು, ತಂತಿ ಕಳುಹಿಸುವವರು, ರಿಪೇರಿ ಬಲ್ಲವರು ಬೇಕಾಗಿದ್ದರು. ಅಕ್ಷರ ಬಲ್ಲ ದಕ್ಷಿಣದ ಹುಡುಗ ಈಗ ಲಾಯಕ್ಕಾದ. ಸಂಬಳ, ಬಟ್ಟೆ, ಊಟದ ಜೊತೆಗೆ ಕಸಬು ಕಲಿಸುತ್ತೇವೆ ಎಂಬುದು ಹೊಸ ಆಮಿಷ.

ಕರೆಯುವ ಸಾಧನಗಳೂ ಹೊಸವು. ಮೈಸೂರಿನಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದ್ದರು; ಮದರಾಸಿನ ಸರಕಾರಿ ರೇಡಿಯೋ ನಿಲಯ ೧೯೩೮ರಲ್ಲಿ ಬಂತು. ೧೯೪೦ರಲ್ಲಿ ಸರಕಾರ ಫಿಲ್ಮ್ ಅಡ್ವೈಸರಿ ಬೋರ್ಡನ್ನು ಕಟ್ಟಿತು. ೧೯೪೩ರಲ್ಲಿ ಇನ್‌ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಬಂತು. ಯುದ್ಧದ ಸುದ್ದಿಚಿತ್ರಗಳು ಚಿತ್ರಮಂದಿರಗಳಲ್ಲಿ ಓಡಿದವು. ಕಾವೇರಿಯ ಆಚೆ, ನಮ್ಮ ನೆರೆಯ ಸೇಲಂನಲ್ಲಿ, ಮಾಡರ್ನ್ ಥಿಯೇಟರ್ಸಿನ ಟಿ. ಆರ್. ಸುಂದರಂ ಯುದ್ಧದ ಕೊನೆಯ ಹೊತ್ತಿಗೆ 'ಬರ್ಮಾ ರಾಣಿ' ಎಂಬ ತಮಿಳು ಚಿತ್ರ ತೆಗೆದರು; ಜಪಾನೀಯರ ಹಿಡಿತದಲ್ಲಿದ್ದ ಬರ್ಮಾದಲ್ಲಿ ನಮ್ಮ ವೈಮಾನಿಕರ ಸಾಹಸ ಅದರ ಕಥೆ. ಕಥೆ, ಹಾಡು, ಪ್ರಣಯ ಎಲ್ಲದರ ನಡುವೆ ದಂಡಿನ ಕರೆ ಕೂತಿತ್ತು.

ಆದರೆ ಈ ಕರೆಯೊಂದೇ ಇಪ್ಪತ್ತೈದು ಲಕ್ಷ ಜನರನ್ನು ತಂದಿತೆಂದು ತಿಳಿದರೆ ತಪ್ಪಾದೀತು. ೧೯೩೯ರಲ್ಲಿ ಜನರನ್ನು ಕೇಳದೆಯೇ ಭಾರತವನ್ನು ಯುದ್ಧಕ್ಕೆ ಎಳೆದರು. ಅದನ್ನು ಪ್ರತಿಭಟಿಸಿ ಮದರಾಸಿನಲ್ಲಿ ರಾಜಾಜಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ದವಸದ ಬೆಲೆ ಏರಿತು. ೧೯೪೩ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸತ್ತರು. ಬರಗಾಲದ ನೆರಳಿನಲ್ಲಿ ಎರಡು ಹೊತ್ತಿನ ಊಟ ಖಂಡಿತ ಎನ್ನುವ ಜಾಗಕ್ಕೆ ಜಾಹೀರಾತು ಬೇಕೆ? ಪಟ್ಟಣದಲ್ಲಿ ಕೂತು ಚಿತ್ರ ತೆಗೆದವರು ದೇಶಾಭಿಮಾನವನ್ನು ತೋರಿಸಿದರು. ಹಳ್ಳಿಯವನ ಕಣ್ಣಿಗೆ ಬಿದ್ದದ್ದು ಜೋಳವಾಳಿಯೇ.

ಸ್ವಾತಂತ್ರ್ಯ ಬಂದ ಮೇಲೆ ಸೈನ್ಯ ನಮ್ಮದಾಯಿತು. ಕೊಡಗಿನ ಕಾರ್ಯಪ್ಪನವರು ೧೯೪೯ರ ಜನವರಿ ೧೫ರಂದು ಅದರ ಮೊದಲ ಭಾರತೀಯ ದಂಡನಾಯಕರಾದರು. ಆಟದ ನಂಟು ಇನ್ನೂ ಗಟ್ಟಿಯಾಯಿತು. ಧ್ಯಾನ್‌ಚಂದ್ ೧೯೨೨ರಲ್ಲಿ ಸಿಪಾಯಿಯಾಗಿ ಸೇರಿ ಹಾಕಿಯನ್ನು ಕೈವಶ ಮಾಡಿಕೊಂಡದ್ದು ಪಡೆಯ ಮೈದಾನದಲ್ಲಿ. ದೇಶ ಇಬ್ಭಾಗವಾದಾಗ ಮನೆಮಠ ಕಳೆದುಕೊಂಡ ಮಿಲ್ಖಾ ಸಿಂಗ್ ಹಲವು ಸಲ ಭರ್ತಿಯಲ್ಲಿ ತಿರಸ್ಕೃತರಾಗಿ, ೧೯೫೧ರಲ್ಲಿ ಸೇರಿ, ಸಿಕಂದರಾಬಾದಿನಲ್ಲಿ ಓಟಗಾರರಾದರು. ಓಟದಲ್ಲಿ ಮುಂದೆ ಬಂದವರಿಗೆ ಹೆಚ್ಚಿಗೆ ಒಂದು ಲೋಟ ಹಾಲು ಸಿಕ್ಕುತ್ತದೆಂದು ಓಡಿದೆ ಎಂದು ಅವರು ಮುಂದೆ ಹೇಳಿಕೊಂಡದ್ದುಂಟು. ಬೆಂಗಳೂರಿನ ಸ್ಯಾಪರ್ಸ್ ಕೇಂದ್ರದಲ್ಲಿ ಬಾಯ್ಸ್ ಸ್ಪೋರ್ಟ್ಸ್ ಕಂಪೆನಿಯೇ ಇದೆ; ಎಳೆಯ ಹುಡುಗರನ್ನು ಆರಿಸಿ, ಊಟ, ವಸತಿ, ಓದು ಕೊಟ್ಟು, ಆಟ ಕಲಿಸಿ, ವಯಸ್ಸಿಗೆ ಬಂದಾಗ ಸೈನ್ಯಕ್ಕೆ ತೆಗೆದುಕೊಳ್ಳುವ ಏರ್ಪಾಡು ಅದು. ೨೦೧೨ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ವಿಜಯ ಕುಮಾರ್, ೨೦೨೧ರಲ್ಲಿ ಚಿನ್ನ ಗೆದ್ದ ನೀರಜ್ ಚೋಪ್ರಾ ಇಬ್ಬರೂ ಸೈನ್ಯದವರು. ಇದರಲ್ಲಿ ತಪ್ಪು ಹುಡುಕಲಾರೆ. ಸೈನ್ಯ ಕೈಹಿಡಿಯದಿದ್ದರೆ ಇಂಥ ಎಷ್ಟೋ ಬಡ ಹುಡುಗರ ಕಾಲುಬಲ ಹೊಲದ ಬದುವಿನ ಮೇಲೇ ಸವೆದುಹೋಗುತ್ತಿತ್ತು.

ಕಳವಳವಾಗುವುದು ಬೇರೆಡೆಯ ಕಥೆಯನ್ನು ಓದಿದಾಗ. ಅಮೆರಿಕದ ಸೈನ್ಯ ೨೦೦೨ರ ಜುಲೈ ೪ರಂದು 'ಅಮೆರಿಕಾಸ್ ಆರ್ಮಿ' ಎಂಬ ಕಂಪ್ಯೂಟರ್ ಆಟವನ್ನು ಬಿಟ್ಟಿಯಾಗಿ ಹಂಚಿತು. ಮನೆಯಲ್ಲಿ ಕೂತ ಹುಡುಗ ಬಂದೂಕು ಹಿಡಿಯಬಹುದು, ಸಾಯಬಹುದು, ಗುಂಡಿ ಒತ್ತಿ ಮತ್ತೆ ಏಳಬಹುದು. ಇಪ್ಪತ್ತು ವರ್ಷ ನಡೆದ ಆ ಆಟ ೨೦೨೨ರಲ್ಲಿ ನಿಂತಿತು. ಅಲ್ಲಿಯ ನ್ಯಾಷನಲ್ ಗಾರ್ಡ್ ಮೋಟಾರು ಪಂದ್ಯದ ಕಾರುಗಳ ಮೇಲೆ ತನ್ನ ಹೆಸರು ಬರೆಸಿತು. ೨೦೧೨ ಒಂದೇ ವರ್ಷ ಅದಕ್ಕೆ ಎರಡೂವರೆ ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ಅದರಿಂದ ಭರ್ತಿಯಾದವನು ಒಬ್ಬನೂ ಇಲ್ಲವೆಂದು ಅದರ ಲೆಕ್ಕವೇ ಹೇಳಿದಾಗ ದೊಡ್ಡ ಚರ್ಚೆಯಾಯಿತು. ಚರ್ಚಿಸಿದವರು ಹಣ ವ್ಯರ್ಥವಾಯಿತೆಂದು ಮರುಗಿದರು. ಕಾರಿನ ಓಟಕ್ಕೂ ಕಂದಕದ ಬದುಕಿಗೂ ಏನು ಸಂಬಂಧವೆಂದು ಕೇಳಿದವರು ಕಡಿಮೆ.

ನಮ್ಮಲ್ಲಿಯೂ ಯಂತ್ರ ಬಂದಿದೆ. ೨೦೨೨ರ ಜೂನ್ ೧೪ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ಸೇರಿದವನಿಗೆ ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ ಮೂವತ್ತು ಸಾವಿರ ರೂಪಾಯಿ. ಕೊನೆಗೆ ಸುಮಾರು ೧೧.೭೧ ಲಕ್ಷದ ಗಂಟು; ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಮುಂದುವರಿಕೆ. ೨೦೨೩ರಿಂದ ಮೈದಾನದ ಓಟಕ್ಕೆ ಮೊದಲೇ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆಯಬೇಕು. ಡಂಗುರ ಹೋಗಿ ಭಿತ್ತಿಪತ್ರ ಬಂತು, ಭಿತ್ತಿಪತ್ರ ಹೋಗಿ ಸಿನಿಮಾ ಬಂತು, ಈಗ ಅಂಗೈಯಗಲದ ಗಾಜಿನೊಳಗೆ ಎಲ್ಲವೂ ಬಂದಿದೆ. ಆ ಗಾಜಿನಲ್ಲಿ ಸಮವಸ್ತ್ರವಿದೆ, ಸಂಗೀತವಿದೆ, ಹಿಮದ ಶಿಖರವಿದೆ, ಪದಕವಿದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆ ಮಾತ್ರ ಇಲ್ಲ. ನಾಲ್ಕು ವರ್ಷದ ಮೇಲೆ ಹಿಂತಿರುಗುವ ಮುಕ್ಕಾಲು ಪಾಲು ಹುಡುಗರ ಚಿತ್ರವೂ ಇಲ್ಲ.

ಸೈನ್ಯಕ್ಕೆ ಆಳು ಬೇಕು. ಕರೆಯದೆ ಯಾರೂ ಬರುವುದಿಲ್ಲ. ಆಟದ ಮೂಲಕ ಕರೆದರೂ ಸರಿಯೇ. ನಾವು ಕೇಳಬೇಕಾದ್ದು ಇಷ್ಟೇ: ಕರೆಯುವವನು ಪೂರ್ತಿ ಲೆಕ್ಕ ಹೇಳಲಿ. ಸಾವಿರ ವರ್ಷದ ಹಿಂದೆ ಆತಕೂರಿನಲ್ಲಿ ಕಲ್ಲು ಕೆತ್ತಿದವನು ನಾಯಿಯ ಸಾವನ್ನು ಕೂಡ ಬಚ್ಚಿಡಲಿಲ್ಲ. ಅಷ್ಟು ಪ್ರಾಮಾಣಿಕತೆ ಇಂದಿನ ಜಾಹೀರಾತಿಗೂ ಇದ್ದರೆ, ಕೌದಳ್ಳಿಯ ದಾರಿಯಲ್ಲಿ ಓಡುವ ಹುಡುಗ ಅದನ್ನೆಲ್ಲ ತಿಳಿದೂ ಓಡುತ್ತಾನೆ. ಅವನು ಹಾಗೆ ಓಡಿದಾಗ ಅದು ವೇಳೆವಾಳಿಯಾದೀತು. ಇಲ್ಲವಾದರೆ ಬರಿಯ ಜೋಳವಾಳಿ.