ಕೇರಾಫ್ ವಿಳಾಸದ ಲೆಕ್ಕ ಇಟ್ಟವರ ಕಥೆ

ಮುಂಬೈಗೆ ಬಂದು ನೆಲೆಸಿದ ನಮ್ಮ ಹಳೇ ತಲೆಮಾರಿನವರನ್ನು ಕೇಳಿ ನೋಡಿ. ಹೋಟೆಲಿನ ಕೆಲಸಕ್ಕೆ ಸೇರಿದ ಹುಡುಗರಿಗೆ ಸ್ವಂತ ವಿಳಾಸ ಅಂತ ಒಂದು ಇರುತ್ತಿರಲಿಲ್ಲ. ಊರಿನಿಂದ ಬರುವ ಇನ್‌ಲ್ಯಾಂಡ್ ಲೆಟರಿನ ಮೇಲೆ ಹುಡುಗನ ಹೆಸರು, ಅದರ ಕೆಳಗೆ 'ಕೇರಾಫ್' ಅಂತ ಹೋಟೆಲಿನ ಹೆಸರು. ಅಂಚೆಯವನಿಗೆ ಗೊತ್ತಿದ್ದದ್ದು ಹೋಟೆಲು ಮಾತ್ರ. ಒಳಗಿರುವ ಇಪ್ಪತ್ತು ಜನರಲ್ಲಿ ಯಾವ ಕಾಗದ ಯಾರ ಕೈಗೆ ಹೋಗಬೇಕು ಅನ್ನುವ ಲೆಕ್ಕ ಗಲ್ಲಾದಲ್ಲಿ ಕೂತವರದ್ದು.

ಅಂತರ್ಜಾಲದಲ್ಲೂ ಇಂಥದೇ ಒಂದು ಕೇರಾಫ್ ವ್ಯವಸ್ಥೆ ಇದೆ. ಅದರ ಹೆಸರು ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್, ಚಿಕ್ಕದಾಗಿ 'ನ್ಯಾಟ್'. ನಿಮ್ಮ ಮನೆಯ ಮೂರು ಮೊಬೈಲು, ಒಂದು ಲ್ಯಾಪ್‌ಟಾಪು, ಒಂದು ಟೀವಿ ಎಲ್ಲಕ್ಕೂ ಒಳಗೆ 192.168 ಅಂತ ಶುರುವಾಗುವ ಬೇರೆ ಬೇರೆ ವಿಳಾಸ. ಹೊರ ಜಗತ್ತಿಗೆ ಮಾತ್ರ ಎಲ್ಲವೂ ಸೇರಿ ಒಂದೇ ವಿಳಾಸ. ನಡುವೆ ಕೂತ ರೌಟರ್ ಒಂದು ಪಟ್ಟಿ ಇಟ್ಟುಕೊಂಡು, ಯಾವ ಉತ್ತರ ಯಾರಿಗೆ ಅಂತ ಹಂಚುತ್ತದೆ. ಆ ಪಟ್ಟಿ ಬಹಳ ಹೊತ್ತು ಇರುವುದಿಲ್ಲ. ಕೆಲಸ ಮುಗಿದು ಕೆಲವು ನಿಮಿಷಕ್ಕೆ ಸಾಲು ಅಳಿಸಿಹೋಗುತ್ತದೆ. ಹಾಗಾದರೆ ಹೋದ ತಿಂಗಳು ಇಂಥ ದಿನ ಇಂಥ ಹೊತ್ತಿಗೆ ಆ ವಿಳಾಸದಿಂದ ಹೊರಟವರು ಯಾರು ಅಂತ ಯಾರಾದರೂ ಬಂದು ಕೇಳಿದರೆ? ಆ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಲು ಜನ ಪಟ್ಟ ಪಾಡೇ ಈ ಕಥೆ. ಪುಣೆಯಲ್ಲಿ ನೆಟ್‌ವರ್ಕ್ ಕೆಲಸ ಮಾಡಿಕೊಂಡು ಎರಡು ದಶಕ ದಾಟಿದ ನನಗೆ ಇದು ಬರೀ ತಾಂತ್ರಿಕ ವಿಷಯ ಅನ್ನಿಸುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಈ ಕೇರಾಫ್ ಯಾಕೆ ಬಂತು ನೋಡೋಣ. 1981ರಲ್ಲಿ ಐಪಿ ನಾಲ್ಕನೇ ಆವೃತ್ತಿಯ ನಿಯಮ ಬರೆದಾಗ ವಿಳಾಸಕ್ಕೆ 32 ಬಿಟ್ ಇಟ್ಟರು. ಅಂದರೆ ಸುಮಾರು 429 ಕೋಟಿ ವಿಳಾಸ. ಕೆಲವು ನೂರು ಕಂಪ್ಯೂಟರ್ ಇದ್ದ ಕಾಲದಲ್ಲಿ ಅದು ಸಮುದ್ರವೇ ಸರಿ. ಹತ್ತೇ ವರ್ಷದಲ್ಲಿ ಸಮುದ್ರ ಬತ್ತುವ ಲಕ್ಷಣ ಕಂಡಿತು. 1994ರ ಮೇ ತಿಂಗಳಲ್ಲಿ ಕೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬಿಬ್ಬರು ಆರ್‌ಎಫ್‌ಸಿ 1631 ಎಂಬ ಪುಟ್ಟ ದಾಖಲೆ ಬರೆದರು. (ಆರ್‌ಎಫ್‌ಸಿ ಅಂದರೆ ಅಂತರ್ಜಾಲದ ನಿಯಮ, ಸಲಹೆಗಳ ಸರಣಿ ದಾಖಲೆ.) ದೀರ್ಘಕಾಲದ ಪರಿಹಾರ ಬರುವ ತನಕ ತಾತ್ಕಾಲಿಕವಾಗಿ ಒಂದೇ ವಿಳಾಸವನ್ನು ಮತ್ತೆ ಮತ್ತೆ ಬಳಸೋಣ ಅನ್ನುವುದು ಅವರ ಸಲಹೆ. ಹೆಚ್ಚು ಕಡಿಮೆ ಅದೇ ಹೊತ್ತಿಗೆ 'ಪಿಕ್ಸ್' ಎಂಬ ಪೆಟ್ಟಿಗೆ ಮಾರುಕಟ್ಟೆಗೆ ಬಂತು. 1995ರಲ್ಲಿ ಸಿಸ್ಕೋ ಆ ಕಂಪನಿಯನ್ನೇ ಕೊಂಡುಕೊಂಡಿತು. 1996ರ ಫೆಬ್ರವರಿಯ ಆರ್‌ಎಫ್‌ಸಿ 1918, ಯಾರು ಬೇಕಾದರೂ ಒಳಗೊಳಗೆ ಬಳಸಿಕೊಳ್ಳಬಹುದಾದ 10, 172.16 ಮತ್ತು 192.168ರ ವಿಳಾಸಗಳನ್ನು ಗಟ್ಟಿ ಮಾಡಿತು. ತಾತ್ಕಾಲಿಕ ಅಂತ ಹಾಕಿದ ಚಪ್ಪರ ಮೂವತ್ತು ವರ್ಷ ದಾಟಿ ಇವತ್ತಿಗೂ ನಿಂತಿದೆ!

ಗಮನಿಸಬೇಕಾದ ವಿಷಯ ಏನೆಂದರೆ, ಆ ಮೊದಲ ದಾಖಲೆ ಬರೆದವರಿಗೇ ಅಪಾಯ ಗೊತ್ತಿತ್ತು. ನ್ಯಾಟ್ ಒಳಗಿನವರ ಗುರುತು ಮುಚ್ಚುತ್ತದೆ, ಖಾಸಗಿತನಕ್ಕೆ ಇದು ಒಳ್ಳೆಯದೇ, ಆದರೆ ಒಳಗಿನ ಯಾರೋ ಒಬ್ಬ ಕಿತಾಪತಿ ಮಾಡಿದರೆ ಅವನನ್ನು ಹುಡುಕುವುದು ಕಷ್ಟವಾಗುತ್ತದೆ ಅಂತ ಅವರು ಅಲ್ಲೇ ಬರೆದಿದ್ದಾರೆ. ಅದಕ್ಕೆ ಏನು ಮಾಡಬೇಕು ಅಂತ ಮಾತ್ರ ಬರೆಯಲಿಲ್ಲ. ಅಂದರೆ ಕೇರಾಫ್ ಬಂತು, ಲೆಕ್ಕದ ಪುಸ್ತಕ ಬರಲಿಲ್ಲ.

ಪುಸ್ತಕ ಇಡುವ ವಿದ್ಯೆ ಬೇರೆ ಕಡೆ ಆಗಲೇ ತಯಾರಾಗಿತ್ತು. 1980ರ ದಶಕದಲ್ಲಿ ಬರ್ಕ್ಲಿಯ ಎರಿಕ್ ಆಲ್‌ಮನ್ ತಮ್ಮ ಸೆಂಡ್‌ಮೇಲ್ ತಂತ್ರಾಂಶಕ್ಕಾಗಿ 'ಸಿಸ್‌ಲಾಗ್' ಬರೆದರು. ಏನೇ ನಡೆದರೂ ಒಂದು ಸಾಲು ಬರೆ, ಬೇಕಾದರೆ ಆ ಸಾಲನ್ನು ಇನ್ನೊಂದು ಯಂತ್ರಕ್ಕೆ ಕಳಿಸು. ಇಷ್ಟೇ ಅದರ ಕೆಲಸ. ಸರಳವಾಗಿದ್ದುದರಿಂದ ಎಲ್ಲರೂ ಅದನ್ನೇ ಹಿಡಿದುಕೊಂಡರು, ರೌಟರ್ ಮಾಡುವವರೂ ಸೇರಿ.

ಇನ್ನೊಂದು ಯಂತ್ರಕ್ಕೆ ಯಾಕೆ ಕಳಿಸಬೇಕು ಅನ್ನುವುದಕ್ಕೆ ಅದೇ ಬರ್ಕ್ಲಿಯ ಗುಡ್ಡದ ಮೇಲಿನ ಪ್ರಯೋಗಾಲಯದಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. 1986ರಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿಗೆ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂದದ್ದರ ಬೆನ್ನು ಹತ್ತಿದ ಆತನಿಗೆ ಒಬ್ಬ ಕಳ್ಳ ಒಳಗೆ ಓಡಾಡುತ್ತಿರುವುದು ಗೊತ್ತಾಯಿತು. ಕಂಪ್ಯೂಟರಿನೊಳಗೇ ದಾಖಲೆ ಇಟ್ಟರೆ ಒಳಗೆ ಬಂದವನ ಕಣ್ಣಿಗೆ ಅದು ಬಿದ್ದೀತು, ಅಳಿಸಿಯೂ ಬಿಟ್ಟಾನು. ಹಾಗಾಗಿ ಸ್ಟೋಲ್ ಒಂದು ವಾರಾಂತ್ಯ ಸಹೋದ್ಯೋಗಿಗಳ ಪ್ರಿಂಟರುಗಳನ್ನೆಲ್ಲ ಒಟ್ಟುಮಾಡಿ ತಂದು, ಹೊರಗಿನಿಂದ ಬರುವ ಟೆಲಿಫೋನ್ ಲೈನುಗಳಿಗೆ ಜೋಡಿಸಿಟ್ಟ. ಕಳ್ಳ ಒತ್ತಿದ್ದೆಲ್ಲ ಕಾಗದದ ಮೇಲೆ ಬಿತ್ತು. ಜಾಡು ಕೊನೆಗೆ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಮುಟ್ಟಿತು. ಕಳ್ಳ ಹೊಕ್ಕ ಮನೆಯಲ್ಲೇ ಸಾಕ್ಷಿ ಇಡಬಾರದು ಅನ್ನುವುದು ಅದರ ನೀತಿ. ಇವತ್ತು ನಾವು ರಿಮೋಟ್ ಲಾಗಿಂಗ್ ಅನ್ನುವುದರ ತಿರುಳೂ ಇಷ್ಟೇ.

ರೌಟರಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅದರ ಹೊಟ್ಟೆಯಲ್ಲಿ ಜಾಗ ಕಡಿಮೆ. ಹೊಸ ಸಾಲು ಬಂದಂತೆ ಹಳೆಯದು ಅಳಿಯುತ್ತದೆ. ಕರೆಂಟು ಹೋಗಿ ಬಂದರೆ ಎಲ್ಲ ಸಾಫ್. ಆದ್ದರಿಂದ ಬರೆದ ಕೂಡಲೇ ಬೇರೆ ಕಡೆ ಕಳಿಸಲೇಬೇಕು.

ಆದರೆ ಸಿಸ್‌ಲಾಗ್‌ಗೂ ತನ್ನದೇ ತಾಪತ್ರಯಗಳಿದ್ದವು. ಅದು ಯುಡಿಪಿ 514ನೇ ಪೋರ್ಟಿನಲ್ಲಿ ಸಾಲು ಕಳಿಸಿ ಕೈ ತೊಳೆದುಕೊಳ್ಳುತ್ತಿತ್ತು. ತಲುಪಿತೋ ಇಲ್ಲವೋ ಕೇಳುವ ಅಭ್ಯಾಸ ಇಲ್ಲ. ಹೆಚ್ಚು ದಟ್ಟಣೆ ಇದ್ದಾಗಲೇ, ಅಂದರೆ ದಾಖಲೆ ಹೆಚ್ಚು ಬೇಕಾದಾಗಲೇ, ಸಾಲುಗಳು ದಾರಿಯಲ್ಲಿ ಕಳೆದುಹೋಗುತ್ತಿದ್ದವು. ಇನ್ನೊಂದು ವಿಚಿತ್ರ ಕೇಳಿ. 2001ರ ಆರ್‌ಎಫ್‌ಸಿ 3164ರಲ್ಲಿ ದಾಖಲಾದ ಹಳೇ ಸಿಸ್‌ಲಾಗ್ ಸಾಲಿನಲ್ಲಿ ತಿಂಗಳು, ತಾರೀಖು, ಗಂಟೆ, ನಿಮಿಷ, ಸೆಕೆಂಡು ಇರುತ್ತದೆ. ಇಸವಿ ಇಲ್ಲ! ಯಾವ ದೇಶದ ಸಮಯ ಅನ್ನುವುದೂ ಇಲ್ಲ! ಹೊರದೇಶದ ಸರ್ವರಿನಿಂದ 5ನೇ ತಾರೀಖು ರಾತ್ರಿ 8 ಗಂಟೆ ಅಂತ ಗ್ರೀನಿಚ್ ಕಾಲಮಾನದಲ್ಲಿ ದೂರು ಬಂದರೆ, ನಮ್ಮಲ್ಲಿ ಅದು 6ನೇ ತಾರೀಖು ಬೆಳಗಿನ ಜಾವ ಒಂದೂವರೆ. ಆ ಐದೂವರೆ ಗಂಟೆ ಲೆಕ್ಕಕ್ಕೆ ಹಿಡಿಯದಿದ್ದರೆ ಪುಸ್ತಕದಲ್ಲಿ ಸಿಗುವ ಹೆಸರು ಬೇರೆ ಯಾರದೋ. 2009ರ ಆರ್‌ಎಫ್‌ಸಿ 5424 ಇಸವಿಯನ್ನೂ ಕಾಲವಲಯವನ್ನೂ ಸೇರಿಸಿತು. ಅದೇ ವರ್ಷ ಗೂಢಲಿಪಿಯಲ್ಲಿ ಸಾಲು ಕಳಿಸುವ ನಿಯಮವೂ ಬಂತು.

ಇಂಥ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಪುಣೆ-ಬೆಂಗಳೂರು ನಂಟೇ ತೋರಿಸಿಕೊಟ್ಟಿತು. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿಗೆ ಹೋಗಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಬಂಧಿಸಿ ಕರೆತಂದರು. ಆಗ ಎಲ್ಲರ ಬಾಯಲ್ಲಿದ್ದ ಆರ್ಕುಟ್ ತಾಣದಲ್ಲಿ ಶಿವಾಜಿ ಮಹಾರಾಜರಿಗೆ ಅವಮಾನ ಮಾಡಿದ ಆರೋಪ. ಆಧಾರ ಒಂದು ಐಪಿ ವಿಳಾಸ ಮತ್ತು ಅದು ಇಂಥವರದು ಅಂತ ಇಂಟರ್‌ನೆಟ್ ಕಂಪನಿ ಕೊಟ್ಟ ಮಾಹಿತಿ. ಆ ಮನುಷ್ಯ ಯರವಡಾ ಜೈಲಿನಲ್ಲಿ ಸುಮಾರು 50 ದಿನ ಕಳೆದ ಮೇಲೆ ಹೊರಬಂದ. ಆ ವಿಳಾಸ ಅವನದಾಗಿರಲೇ ಇಲ್ಲ. ಅಲ್ಲಿ ನ್ಯಾಟ್‌ನ ಲಾಗ್ ಕೈಕೊಟ್ಟಿತು ಅಂತ ನಾನು ಹೇಳುತ್ತಿಲ್ಲ. ವಿಳಾಸ, ಹೊತ್ತು, ಮನುಷ್ಯ, ಈ ಮೂರನ್ನು ಜೋಡಿಸುವ ದಾರ ಎಲ್ಲೇ ತುಂಡಾದರೂ ಬೆಲೆ ಕೊಡುವವನು ಯಾರು ಅನ್ನುವುದಷ್ಟೇ ನನ್ನ ಮಾತು. ಒಂದು ವಿಳಾಸಕ್ಕೆ ಒಬ್ಬ ಗಿರಾಕಿ ಇದ್ದಾಗಲೇ ಹೀಗಾಗಬಹುದಾದರೆ, ಒಂದು ವಿಳಾಸದ ಹಿಂದೆ ನೂರಾರು ಜನ ಇದ್ದರೆ?

ಆ ಕಾಲ ಬಹಳ ದೂರ ಇರಲಿಲ್ಲ. 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದಲ್ಲಿದ್ದ ಐಪಿ ವಿಳಾಸಗಳ ಕೊನೆಯ ಕಂತು ಹಂಚಿ ಮುಗಿಯಿತು. ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ-ಪೆಸಿಫಿಕ್ ಪಾಲಿಗೂ ಕೊನೆಯ ಭಾಗದ ರೇಶನ್ ಶುರುವಾಯಿತು. ಮನೆಯೊಳಗಿದ್ದ ನ್ಯಾಟ್ ಈಗ ಇಂಟರ್‌ನೆಟ್ ಕಂಪನಿಯ ಒಳಕ್ಕೂ ಹೋಯಿತು. ಇದಕ್ಕೆ 'ಕ್ಯಾರಿಯರ್ ಗ್ರೇಡ್ ನ್ಯಾಟ್' ಅನ್ನುತ್ತಾರೆ. ಅಂದರೆ ಹೋಟೆಲಿನ ಕೇರಾಫ್ ಮೇಲೆ ಇಡೀ ಪೇಟೆಯ ಕೇರಾಫ್! ಇದಕ್ಕಾಗಿಯೇ 2012ರಲ್ಲಿ 100.64ರಿಂದ ಶುರುವಾಗುವ ವಿಳಾಸಗಳನ್ನು ಎತ್ತಿಟ್ಟರು.

ಈಗ ಬರೀ ವಿಳಾಸ ಹೇಳಿದರೆ ಏನೂ ಹೇಳಿದಂತೆ ಆಗುವುದಿಲ್ಲ. ಪೋರ್ಟ್ ಸಂಖ್ಯೆಯೂ ಬೇಕು. ಒಂದು ವಿಳಾಸಕ್ಕೆ 65,536 ಪೋರ್ಟುಗಳು. ಅವನ್ನೇ ಜನರಿಗೆ ಹಂಚಿ ನ್ಯಾಟ್ ನಡೆಯುತ್ತದೆ. ತಮಾಷೆ ಏನೆಂದರೆ, ದೂರು ಕೊಡುವ ಕಡೆಯ ವೆಬ್ ಸರ್ವರುಗಳು ಸಾಮಾನ್ಯವಾಗಿ ಬಂದವರ ವಿಳಾಸ ಬರೆದುಕೊಳ್ಳುತ್ತಿದ್ದವು, ಪೋರ್ಟ್ ಬರೆದುಕೊಳ್ಳುತ್ತಿರಲಿಲ್ಲ. 2011ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 6302, ದಯವಿಟ್ಟು ಪೋರ್ಟನ್ನೂ ಸೆಕೆಂಡಿನವರೆಗಿನ ಸಮಯವನ್ನೂ ಬರೆದುಕೊಳ್ಳಿ ಅಂತ ಸರ್ವರ್ ನಡೆಸುವವರಿಗೆ ಹೇಳಿತು. ಕೇಳಿದವರು ಕಡಿಮೆ. 2017ರ ಅಕ್ಟೋಬರ್‌ನಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಈ ದೊಡ್ಡ ನ್ಯಾಟ್‌ಗಳಿಂದ ಅಪರಾಧಿಯ ಜೊತೆಗೆ ವಿಳಾಸ ಹಂಚಿಕೊಂಡ ಅಮಾಯಕರೂ ತನಿಖೆಗೆ ಸಿಕ್ಕಿಬೀಳುತ್ತಿದ್ದಾರೆ ಅಂತ ಬಹಿರಂಗವಾಗಿಯೇ ಎಚ್ಚರಿಸಿತು.

ಸರಿ, ಎಲ್ಲವನ್ನೂ ಬರೆದಿಟ್ಟರಾಯಿತಲ್ಲ ಅನ್ನುತ್ತೀರಾ? ಲೆಕ್ಕ ಹಾಕಿ ನೋಡಿ. 2014ರ ಆರ್‌ಎಫ್‌ಸಿ 7422 ಕೊಡುವ ಅಂದಾಜಿನಂತೆ ಅಮೆರಿಕದ ಒಂದು ಮನೆಯಿಂದ ದಿನಕ್ಕೆ 33,000 ಸಂಪರ್ಕಗಳು. ಒಂದು ಸಾಲಿಗೆ 150 ಬೈಟ್ ಹಿಡಿದರೆ ದಿನಕ್ಕೆ 5 ಎಂಬಿ, ತಿಂಗಳಿಗೆ 150 ಎಂಬಿ. ಹತ್ತು ಲಕ್ಷ ಗಿರಾಕಿಗಳಿದ್ದರೆ ತಿಂಗಳಿಗೆ 150 ಟೆರಾಬೈಟ್, ವರ್ಷಕ್ಕೆ 1.8 ಪೆಟಾಬೈಟ್. ಅಂಗಡಿಗಿಂತ ಲೆಕ್ಕದ ಪುಸ್ತಕವೇ ದೊಡ್ಡದಾಯಿತು!

ಇಲ್ಲಿಂದ ಎಂಜಿನಿಯರುಗಳ ಜಾಣತನ ಶುರು. ಒಂದು ದಾರಿ, ಒಂದೊಂದೇ ಪೋರ್ಟ್ ಕೊಡುವ ಬದಲು ಗಿರಾಕಿಗೆ ಐನೂರು, ಸಾವಿರದ ಕಟ್ಟು ಕೊಡುವುದು. ಕಟ್ಟು ಕೊಟ್ಟಾಗ ಒಂದು ಸಾಲು, ವಾಪಸು ಪಡೆದಾಗ ಒಂದು ಸಾಲು. ನಡುವಿನ ಸಾವಿರಾರು ಸಾಲು ಉಳಿಯಿತು. ಇನ್ನೊಂದು ದಾರಿ, ಒಳಗಿನ ವಿಳಾಸದಿಂದ ಹೊರಗಿನ ಪೋರ್ಟನ್ನು ಒಂದು ಸೂತ್ರದಿಂದ ನಿಗದಿ ಮಾಡಿಬಿಡುವುದು. ಆಗ ಪ್ರತಿ ಸಂಪರ್ಕಕ್ಕೂ ಸಾಲು ಬೇಡ, ಸೂತ್ರ ಯಾವಾಗ ಬದಲಾಯಿತು ಅಂತ ಬರೆದಿಟ್ಟರೆ ಸಾಕು. ಮೂರನೆಯದು, ಸಾಲನ್ನು ಅಕ್ಷರದಲ್ಲಿ ಬರೆಯದೆ ಬೈನರಿ ರೂಪದಲ್ಲಿ ಕಳಿಸುವುದು. ಸಿಸ್ಕೋದ ನೆಟ್‌ಫ್ಲೋದಿಂದ ಬೆಳೆದ ಐಪಿಫಿಕ್ಸ್ ಎಂಬ ಪದ್ಧತಿಯಲ್ಲಿ ನ್ಯಾಟ್ ಘಟನೆಗಳನ್ನು ಹೇಗೆ ಬರೆಯಬೇಕು ಅಂತ 2017ರ ಡಿಸೆಂಬರ್‌ನ ಆರ್‌ಎಫ್‌ಸಿ 8158 ಹೇಳಿತು. ಮೊದಲ ನ್ಯಾಟ್ ದಾಖಲೆಯಿಂದ ಇಲ್ಲಿಗೆ ಎಷ್ಟು ವರ್ಷವಾಯಿತು ಲೆಕ್ಕ ಹಾಕಿ. ಇಪ್ಪತ್ತಮೂರು!

ನಮ್ಮ ದೇಶದ ನಿಯಮಗಳೂ ಈ ನಡುವೆ ಬಿಗಿಯಾದವು. 2011ರ ಸೈಬರ್ ಕೆಫೆ ನಿಯಮ, ಬಂದುಹೋದವರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದಿತು. ಇಂಟರ್‌ನೆಟ್ ಕಂಪನಿಗಳು ಒಂದು ವರ್ಷ ಇಡಬೇಕಿದ್ದ ಬಳಕೆಯ ದಾಖಲೆಯನ್ನು ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಎರಡು ವರ್ಷಕ್ಕೆ ಏರಿಸಿತು. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶ ಕಂಪನಿಗಳಿಗೆಲ್ಲ 180 ದಿನದ ಲಾಗ್ ಇಡಲು ಹೇಳಿದ್ದಲ್ಲದೆ, ಗಡಿಯಾರಗಳನ್ನು ಎನ್‌ಐಸಿ ಅಥವಾ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂದೂ ಹೇಳಿತು. ಆ ಗಡಿಯಾರದ ಮಾತನ್ನು ಅನೇಕರು ಸಣ್ಣದೆಂದು ತಳ್ಳಿಹಾಕಿದರು. ನನ್ನ ಮಟ್ಟಿಗೆ ಇಡೀ ಆದೇಶದಲ್ಲಿ ಬಹಳ ತೂಕದ ಸಾಲು ಅದೇ.

ಇಷ್ಟು ಹೇಳಿದ ಮೇಲೆ, ನಿಮ್ಮ ಆಫೀಸಿನಲ್ಲೋ ಹಾಸ್ಟೆಲಿನಲ್ಲೋ ಸೊಸೈಟಿಯಲ್ಲೋ ಇಂಥ ಲೆಕ್ಕ ಇಡಬೇಕಾದರೆ ಏನು ಮಾಡಬೇಕು? ಲಿನಕ್ಸ್ ರೌಟರಾದರೆ 'ಕಾನ್‌ಟ್ರ್ಯಾಕ್' ಎಂಬ ಸಲಕರಣೆ ಪ್ರತಿ ಸಂಪರ್ಕದ ಹುಟ್ಟು-ಸಾವು ಎರಡನ್ನೂ ಹೇಳುತ್ತದೆ. ಅದನ್ನು 'ಆರ್‌ಸಿಸ್‌ಲಾಗ್' ಮೂಲಕ ಬೇರೆ ಯಂತ್ರಕ್ಕೆ, ಯುಡಿಪಿ ಬದಲು ಗೂಢಲಿಪಿಯ ಟಿಸಿಪಿಯಲ್ಲಿ ಕಳಿಸಿ. ಒಳವಿಳಾಸ, ಒಳಪೋರ್ಟ್, ಹೊರವಿಳಾಸ, ಹೊರಪೋರ್ಟ್, ಟಿಸಿಪಿಯೋ ಯುಡಿಪಿಯೋ, ಕಾಲವಲಯದ ಸಮೇತ ಸಮಯ, ಇಷ್ಟೂ ಇರಲಿ. ಒಳವಿಳಾಸ ಆ ಹೊತ್ತಿಗೆ ಯಾವ ಯಂತ್ರದ್ದು ಅಂತ ಹೇಳುವ ಡಿಎಚ್‌ಸಿಪಿ ಲಾಗನ್ನೂ ಜೊತೆಗೇ ಇಡಿ. ಅದಿಲ್ಲದಿದ್ದರೆ ಉಳಿದದ್ದು ವ್ಯರ್ಥ. ಎರಡೂ ಯಂತ್ರದ ಗಡಿಯಾರ ಎನ್‌ಟಿಪಿಯಿಂದ ಸರಿಯಾಗಿರಲಿ. ಆಮೇಲೆ ನಿಮ್ಮದೇ ಒಂದು ಸಂಪರ್ಕವನ್ನು ಹೊರಗಿನಿಂದ ಒಳಕ್ಕೆ ಹುಡುಕಿ ನೋಡಿ. ನಿಮ್ಮ ಹೆಸರೇ ಸಿಕ್ಕಿತಾ?

ಕೊನೆಯದಾಗಿ ಒಂದು ಮಾತು. ಯಾರು ಯಾವ ತಾಣಕ್ಕೆ ಹೋದರು ಅನ್ನುವುದನ್ನು ಸುಮ್ಮನೆ ಬರೆದಿಡುವ ಆಸೆ ಬೇಡ. ಆಡಳಿತಕ್ಕೆ ಅಗತ್ಯವಿಲ್ಲದಿದ್ದರೆ ದೊಡ್ಡ ನ್ಯಾಟ್‌ಗಳು ತಲುಪಿದ ವಿಳಾಸವನ್ನು ಬರೆಯಬಾರದು ಅಂತ 2013ರ ಆರ್‌ಎಫ್‌ಸಿ 6888 ಕೂಡ ಹೇಳುತ್ತದೆ. ಕಾನೂನು ಕೇಳಿದಷ್ಟನ್ನು, ಕೇಳಿದಷ್ಟು ದಿನ ಇಡಿ, ಬೀಗ ಹಾಕಿ ಇಡಿ, ಅವಧಿ ಮುಗಿದ ದಿನ ಅಳಿಸಿ. ಇವತ್ತು ಐಪಿ ಆರನೇ ಆವೃತ್ತಿ ನಮ್ಮ ಮೊಬೈಲುಗಳಿಗೆ ಬಂದಿದೆ. ಒಬ್ಬೊಬ್ಬರಿಗೂ ಸ್ವಂತ ವಿಳಾಸ ಸಿಗುವಷ್ಟು ಜಾಗ ಅಲ್ಲಿದೆ. ಆದರೂ ಹಳೇ ನಾಲ್ಕನೇ ಆವೃತ್ತಿಯ ತಾಣಗಳು ಇರುವ ತನಕ ಈ ಕೇರಾಫ್ ತಪ್ಪಿದ್ದಲ್ಲ. ಅಲ್ಲಿಯ ತನಕ ಲಾಗ್ ಸರ್ವರಿನ ಗಡಿಯಾರ ಎರಡು ನಿಮಿಷ ಹಿಂದಿದೆ ಅಂತ ಗೊತ್ತಾದರೆ ನಾಳೆ ನೋಡೋಣ ಅನ್ನಬೇಡಿ. ಆ ಎರಡು ನಿಮಿಷದಲ್ಲಿ ಅದೇ ಪೋರ್ಟ್ ಇನ್ನೊಬ್ಬರ ಹೆಸರಿಗೆ ಹೋಗಿರಬಹುದು.