ಮಣಲಿಯ ಮೇಣ, ಮನಾಲಿಯ ಹಿಮ

ಮಣಲಿ, ಮನಾಲಿ ಎಂಬ ಎರಡು ಊರುಗಳ ಹೆಸರುಗಳು ಕಿವಿಗೆ ಒಂದೇ ಎನಿಸುವಷ್ಟು ಹತ್ತಿರ. ಊರುಗಳು ಮಾತ್ರ ದೇಶದ ಎರಡು ತುದಿಗಳಲ್ಲಿವೆ. ಮನಾಲಿ ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯದು. 1961ರಲ್ಲಿ ಅಲ್ಲಿ ಸ್ಥಾಪಿತವಾದ ಪರ್ವತಾರೋಹಣ ಸಂಸ್ಥೆ ಇಂದಿಗೂ ಯುವಕ ಯುವತಿಯರಿಗೆ ಹಿಮದ ಮೇಲೆ ಜಾರುವ ವಿದ್ಯೆಯನ್ನು ಕಲಿಸುತ್ತಿದೆ. ಮಣಲಿ ಚೆನ್ನೈ ನಗರದ ಉತ್ತರದಂಚಿನದು. ತಮಿಳಿನ ‘ಮಣಲ್’ ಎಂದರೆ ಮರಳು. ಆ ಹೆಸರನ್ನು ಕೇಳಿದೊಡನೆ ಕನ್ನಡದ ಕಿವಿಗೆ ನಮ್ಮ ‘ಮಳಲು’ ನೆನಪಾಗುತ್ತದೆ. ಹಿಮವನ್ನೇ ಕಾಣದ ಈ ಊರಿಗೂ ಸ್ಕೀ ಹಲಗೆಗೂ ಒಂದು ನಂಟಿದೆ. ಆ ನಂಟಿನ ಹೆಸರು ಮೇಣ.

ಸ್ಕೀ ಹಲಗೆ ಬಹಳ ಪ್ರಾಚೀನವಾದ ಸಾಧನ. ನಾರ್ವೆಯ ದಿಗೆರ್‌ವಾರ್ಡೆನ್ ಎಂಬಲ್ಲಿ ಕರಗುತ್ತಿದ್ದ ಹಿಮರಾಶಿಯಿಂದ 2014ರಲ್ಲಿ ಒಂದು ಮರದ ಹಲಗೆ ಹೊರಬಂದಿತು. ಅದರ ಜೊತೆಯದು 2021ರಲ್ಲಿ ದೊರೆಯಿತು. ಅವುಗಳ ವಯಸ್ಸು ಸುಮಾರು 1300 ವರ್ಷ. ಅಂದರೆ ನಮ್ಮಲ್ಲಿ ಬಾದಾಮಿಯ ಚಾಲುಕ್ಯರ ಆಳ್ವಿಕೆ ಕೊನೆಗಾಣುತ್ತಿದ್ದ ಕಾಲಕ್ಕೆ ಹತ್ತಿರದವು. ಹಿಮದ ಗರ್ಭದಲ್ಲಿ ಮರ ಉಳಿಯಬಲ್ಲದು. ಮನೆಯ ಅಟ್ಟದಲ್ಲಿ ಹಾಗಲ್ಲ. ಬೇಸಿಗೆಯ ಗಾಳಿಗೆ ಒಣಗುತ್ತದೆ, ಸೀಳುತ್ತದೆ, ಮತ್ತೆ ಚಳಿಗಾಲ ಬಂದಾಗ ನೀರು ಕುಡಿದು ಭಾರವಾಗುತ್ತದೆ. ಆದುದರಿಂದ ಹಲಗೆ ಮಾಡುವುದನ್ನು ಕಲಿತ ಜನ ಅದನ್ನು ಕಾಪಾಡುವುದನ್ನೂ ಕಲಿಯಬೇಕಾಯಿತು.

ಅವರ ಕೈಗೆ ಮೊದಲು ಸಿಕ್ಕಿದ್ದು ಪೈನ್ ಮರದ ಬೇರು ಬೊಡ್ಡೆಗಳನ್ನು ಮಂದ ಉರಿಯಲ್ಲಿ ಸುಟ್ಟು ಇಳಿಸಿದ ಟಾರು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ ನಮ್ಮ ಹಳ್ಳಿಗರಿಗೆ ಇಂಥ ವಸ್ತು ಅಪರಿಚಿತವೇನಲ್ಲ. ಉತ್ತರ ಯುರೋಪಿನ ಸಾಮಿ ಜನರನ್ನು ಕುರಿತು ಯೊಹಾನೆಸ್ ಶೆಫರ್ ಬರೆದು 1673ರಲ್ಲಿ ಪ್ರಕಟವಾದ ‘ಲಪ್ಪೋನಿಯ’ ಗ್ರಂಥದಲ್ಲಿಯೇ ಹಲಗೆಗೆ ಟಾರು, ರಾಳಗಳನ್ನು ಹಚ್ಚುವ ಪ್ರಸ್ತಾಪವಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕ್ಯಾಲಿಫೋರ್ನಿಯದ ಚಿನ್ನದ ಗಣಿಗಾರರು ಹಲಗೆಗಳ ಮೇಲೆ ಪಂದ್ಯವಾಡುತ್ತಿದ್ದಾಗ ತಿಮಿಂಗಿಲದ ಮೇಣ, ಟಾರು, ರಾಳಗಳನ್ನು ಬೆರೆಸಿ ಗುಟ್ಟಿನ ಪಾಕಗಳನ್ನು ಕಾಯಿಸುತ್ತಿದ್ದರು. ಮರವನ್ನು ಉಳಿಸಲೆಂದು ಹಚ್ಚುತ್ತಿದ್ದುದು ಹೀಗೆ ವೇಗಕ್ಕಾಗಿ ಹಚ್ಚುವುದೂ ಆಯಿತು.

ಇದೇ ಟಾರಿನೊಳಗೆ ಮುಂದಿನ ಕಥೆ ಅಡಗಿತ್ತು. 1830ರಲ್ಲಿ ಕಾರ್ಲ್ ಫಾನ್ ರೈಖೆನ್‌ಬಾಕ್ ಎಂಬ ಜರ್ಮನ್ ರಸಾಯನಜ್ಞ ಬೀಚ್ ಮರದ ಟಾರಿನಿಂದ ಒಂದು ಬಿಳಿಯ ಮೇಣವನ್ನು ಬೇರ್ಪಡಿಸಿದ. ಅದು ಆಮ್ಲಕ್ಕೂ ಜಗ್ಗದು, ಕ್ಷಾರಕ್ಕೂ ಜಗ್ಗದು. ಯಾರೊಡನೆಯೂ ಸುಲಭವಾಗಿ ಬೆರೆಯದ ಈ ವಸ್ತುವಿಗೆ ಅವನು ‘ಅಲ್ಪ ಸಂಬಂಧದ್ದು’ ಎಂಬರ್ಥದ ಲ್ಯಾಟಿನ್ ಪದಗಳಿಂದ ಪ್ಯಾರಾಫಿನ್ ಎಂದು ಹೆಸರಿಟ್ಟ. ಆ ನಿಸ್ಸಂಗ ಗುಣವೇ ಅದನ್ನು ಸ್ಕೀ ಹಲಗೆಗೆ ಒಪ್ಪುವಂತೆ ಮಾಡಿತು. ಜಾರುವ ಹಲಗೆಯ ಘರ್ಷಣೆಯಿಂದ ಹಿಮ ತೆಳುವಾಗಿ ಕರಗಿ ನೀರಿನ ಪದರವಾಗುತ್ತದೆಂಬುದನ್ನು ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು 1939ರಲ್ಲಿ ವಿವರಿಸಿದರು. ಆ ನೀರನ್ನು ಅಂಟಿಸಿಕೊಳ್ಳದ ತಳ ಮುಂದೆ ಸರಿಯುತ್ತದೆ. ಅಂಟಿಸಿಕೊಳ್ಳುವ ತಳ ನಿಲ್ಲುತ್ತದೆ.

ಮರದ ಟಾರಿನಿಂದ ಆರಂಭವಾದ ಪ್ಯಾರಾಫಿನ್ ಮುಂದೆ ಕಲ್ಲಿದ್ದಲಿನಿಂದಲೂ ಆಮೇಲೆ ಕಚ್ಚಾತೈಲದಿಂದಲೂ ದೊರೆಯತೊಡಗಿತು. ಇಲ್ಲಿಯೇ ಮಣಲಿಯ ಪ್ರವೇಶ. ಭಾರತ ಸರ್ಕಾರ, ಅಮೆರಿಕದ ಅಮೊಕೊ ಮತ್ತು ಇರಾನಿನ ರಾಷ್ಟ್ರೀಯ ತೈಲ ಕಂಪನಿ ಸೇರಿ 1965ರಲ್ಲಿ ಮದ್ರಾಸ್ ರಿಫೈನರೀಸ್ ಸಂಸ್ಥೆಯನ್ನು ಕಟ್ಟಿದವು. ವರ್ಷಕ್ಕೆ 25 ಲಕ್ಷ ಟನ್ ಸಾಮರ್ಥ್ಯದ ಅದರ ಸಂಸ್ಕರಣಾಗಾರ 1969ರಲ್ಲಿ ಮಣಲಿಯಲ್ಲಿ ಆರಂಭವಾಯಿತು. 2000ದಲ್ಲಿ ಚೆನ್ನೈ ಪೆಟ್ರೋಲಿಯಂ ಎಂದು ಹೆಸರು ಬದಲಾದ ಈ ಕಾರ್ಖಾನೆ ಇಂಧನ, ಕೀಲೆಣ್ಣೆಗಳೊಡನೆ ಪ್ಯಾರಾಫಿನ್ ಮೇಣವನ್ನೂ ತಯಾರಿಸುವ ದೇಶದ ಕೆಲವೇ ಸಂಸ್ಕರಣಾಗಾರಗಳಲ್ಲೊಂದು. ಯಂತ್ರಗಳಿಗೆ ಬೇಕಾದ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟಬಾರದು. ಆದ್ದರಿಂದ ಅದರೊಳಗಿನ ಮೇಣವನ್ನು ತೆಗೆಯಬೇಕು. ಅದಕ್ಕಾಗಿ ಎಣ್ಣೆಗೆ ದ್ರಾವಕ ಬೆರೆಸಿ ಸೊನ್ನೆ ಡಿಗ್ರಿಗಿಂತ ಕೆಳಗೆ ತಂಪುಮಾಡುತ್ತಾರೆ; ಮೇಣ ಹರಳುಗಟ್ಟಿ ಸೋಸಿಕೊಳ್ಳುತ್ತದೆ. ಮೇಣದ ಹುಟ್ಟಿಗೂ ಚಳಿ ಬೇಕು. ಇಂಥ ಮೇಣದ ದೊಡ್ಡ ಪಾಲು ಮೇಣದಬತ್ತಿ, ಕಾಗದಗಳಿಗೆ ಹೋಗುತ್ತದೆ. ಸ್ಕೀ ಮೇಣ ಅದೇ ಕುಲದ ಒಂದು ಸಣ್ಣ ಕವಲು.

1950ರ ದಶಕದಿಂದೀಚೆಗೆ ಹಲಗೆಯ ತಳಕ್ಕೂ ಪಾಲಿಎಥಿಲೀನ್ ಬಂದಿತು. ಆದರೆ ಕಾಪಾಡುವ ಕ್ರಮ ಹೆಚ್ಚು ಬದಲಾಗಲಿಲ್ಲ. ವರ್ಷಗಟ್ಟಲೆ ಮೂಲೆ ಸೇರಿದ್ದ ಹಲಗೆಯ ತಳ ಒಣಗಿ ಬೆಳ್ಳಗಾಗಿರುತ್ತದೆ. ಉಕ್ಕಿನ ಅಂಚಿಗೆ ತುಕ್ಕು ಹಿಡಿದಿರುತ್ತದೆ. ಮೊದಲು ತುಕ್ಕನ್ನು ಉಜ್ಜಿ ತೆಗೆಯಬೇಕು, ಹಳೆಯ ಕೊಳೆಯನ್ನು ಬ್ರಷ್ಷಿನಿಂದ ಹೊರಡಿಸಬೇಕು. ಆಮೇಲೆ ಇಸ್ತ್ರಿಪೆಟ್ಟಿಗೆಯಿಂದ ಮೇಣವನ್ನು ಕರಗಿಸಿ ಸುರಿದು, ಪೆಟ್ಟಿಗೆಯನ್ನು ಒಂದೆಡೆ ನಿಲ್ಲಿಸದೆ ಎಳೆಯುತ್ತ ಹೋಗಬೇಕು. ನಿಂತರೆ ತಳ ಸುಡುತ್ತದೆ. ತಣಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಮುಂದಿನಿಂದ ಹಿಂದಕ್ಕೆ ಬ್ರಷ್ಷು ಹೊಡೆಯಬೇಕು. ಸುರಿದ ಮೇಣದ ಬಹುಪಾಲು ಕೆರೆದುಹೋಗುತ್ತದೆ; ತಳ ಹೀರಿಕೊಂಡಷ್ಟೇ ಕೆಲಸಕ್ಕೆ ಬರುವುದು. ಮತ್ತೆ ಎತ್ತಿಡುವಾಗ ಮಾತ್ರ ದಪ್ಪನೆಯ ಪದರವನ್ನು ಕೆರೆಯದೆ, ಅಂಚನ್ನೂ ಮುಚ್ಚಿ ಬಿಡುತ್ತಾರೆ. 2024ರಲ್ಲಿ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದ ಕೊಡಗಿನ ಭವಾನಿ ತೆಕ್ಕಡ ಅವರಂಥವರ ಆಟದ ಹಿಂದೆಯೂ ಇಂಥ ಮೇಣದ ಕೆಲಸವಿರುತ್ತದೆ.

ಹೀಗೆ ಕೆರೆದುಹೋದ ಮೇಣ ಎಲ್ಲಿಗೆ ಸೇರುತ್ತದೆ? ವೇಗಕ್ಕಾಗಿ ಫ್ಲೋರಿನ್ ಬೆರೆಸಿದ ಮೇಣಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೊಳೆಯದೆ ಉಳಿಯುವುದನ್ನು ಕಂಡು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023ರ ಚಳಿಗಾಲದಿಂದ ಅವುಗಳನ್ನು ಪಂದ್ಯಗಳಲ್ಲಿ ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದೊಡನೆ ಮಣಲಿಯ ಕೈಗಾರಿಕಾ ಪ್ರದೇಶದ ತೈಲ ಎಣ್ಣೂರಿನ ಅಳಿವೆಗೆ ಹರಿಯಿತು. ಮೀನುಗಾರರ ದೋಣಿ, ಬಲೆಗಳಿಗೆಲ್ಲ ಕಪ್ಪು ಜಿಡ್ಡು ಮೆತ್ತಿತು. ಮರವನ್ನು ನೀರಿನಿಂದ ಕಾಯಲೆಂದು ಮನುಷ್ಯ ಕಂಡುಕೊಂಡ ಟಾರಿನ ದೂರದ ಬಂಧುವೇ ಅಲ್ಲಿ ಮರದ ದೋಣಿಯನ್ನು ದಡಕ್ಕೆ ಕಟ್ಟಿಹಾಕಿತ್ತು.

ಹಲಗೆ ಕೆರೆಯುವ ಜಾಣ ಕೆಲಸಗಾರ ಮೊದಲು ನೆಲಕ್ಕೆ ಒಂದು ಕಾಗದ ಹಾಸಿ, ಕೊನೆಗೆ ಮೇಣದ ಚೂರನ್ನೆಲ್ಲ ಅದರಲ್ಲೇ ಮಡಿಸಿ ತೆಗೆಯುತ್ತಾನೆ. ಮಣಲಿಯಷ್ಟು ದೊಡ್ಡ ಕಮ್ಮಟಕ್ಕೆ ಅಷ್ಟು ದೊಡ್ಡ ಕಾಗದವನ್ನು ನಾವಿನ್ನೂ ಹಾಸಿಲ್ಲ.